ಮನೆಯ ಕೈಗೆಲಸವೂ ಮನೆಯ ಮಾತೂ
(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪಾಲಕರ ಸಭೆಯೆಂದರೆ ಅಂಕಗಳ ಮಾತು, ಹಾಜರಿಯ ಮಾತು ಎಂದು ತಾವು ಎಣಿಸಿ ಬಂದಿರಬಹುದು. ಅವು ಬೇಕಾದ ಮಾತುಗಳೇ ಸರಿ. ಆಯಾ ವರ್ಗದ ಶಿಕ್ಷಕರು ಅವನ್ನು ತಮಗೆ ತಿಳಿಸುವರು. ನಾವು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಮನೆಯಲ್ಲಿ ಹಿರಿಯರೂ ಮಕ್ಕಳೂ ಕೂಡಿ ತಮ್ಮ ಕೈಯಿಂದಲೇ ಮಾಡುವ ಚಿಕ್ಕಪುಟ್ಟ ವಸ್ತುಗಳ ವಿಷಯವದು. ಮಣ್ಣಿನ ಎತ್ತು, ಚಿಂದಿಯ ಕೌದಿ, ಕೂಸಿನ ಕುಲಾವಿ, ಕೊಡ ಹೊರುವ ಸಿಂಬಿ—ಇಂಥವುಗಳಿಗೂ ಶಾಲೆಗೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂಬಂಧವು ಬಹಳ ಸಮೀಪದ್ದೆಂದು ತಿಳಿಸುವದೇ ನಮ್ಮ ಇಂದಿನ ಉದ್ದೇಶ.

ಮೊದಲು ಈಗಿನ ಸ್ಥಿತಿಯನ್ನು ನೋಡೋಣ. ಶಿಕ್ಷಕರು ಕಾರ್ಯಾನುಭವದ ತಾಸಿನಲ್ಲಿ ಒಂದು ಪ್ರಕಲ್ಪವನ್ನು ಹೇಳುವರು. ಅಂದು ಸಂಜೆ ತಂದೆ ಪೇಟೆಗೆ ಹೋಗಿ ಥರ್ಮಾಕೋಲಿನ ಸಿದ್ಧಮನೆಯೊಂದನ್ನು ಕೊಂಡು ತರುವನು. ರಾತ್ರಿ ತಾಯಿ ಅದಕ್ಕೆ ಅಂಟು ಬಳಿಯುವಳು. ಬೆಳಿಗ್ಗೆ ಮಗನು ಅದರ ಮೇಲೆ ತನ್ನ ಹೆಸರನ್ನು ಬರೆದುಕೊಂಡು ಬರುವನು. ಅಂಕಗಳು ಬೀಳುತ್ತವೆ. ಆದರೆ ಇದನ್ನು ಹೇಗೆ ಮಾಡಿದೆಯೆಂದು ಕೇಳಿದರೆ ಹುಡುಗನು ಮಾತಿಲ್ಲದೆ ನಿಲ್ಲುವನು. ಅದು ಹುಡುಗನ ದೋಷವಲ್ಲ. ಮಾಡದಿದ್ದ ಕೆಲಸದ ಬಗ್ಗೆ ಯಾರಿಗೇ ಆಗಲಿ ಮಾತು ಎಲ್ಲಿಂದ ಬರಬೇಕು?

ಹಿಂದಿನ ವರ್ಷದ ಪ್ರದರ್ಶನದಲ್ಲಿ 6ನೆಯ ವರ್ಗದ ಹುಡುಗನೊಬ್ಬನು ಮಣ್ಣಿನ ಎತ್ತೊಂದನ್ನು ತಂದಿದ್ದನು. ಅದರ ಒಂದು ಕಾಲು ಮುರಿದಿತ್ತು. ಕೆಳಗೆ ಹೆಂಚಿನ ಚೂರೊಂದನ್ನು ಆಸರೆಯಾಗಿ ಇಟ್ಟಿದ್ದನು. ಕಾಲು ಏಕೆ ಮುರಿಯಿತೆಂದು ಕೇಳಿದೆವು. ಮಣ್ಣನ್ನು ಎಲ್ಲಿಂದ ತಂದನು, ಹೇಗೆ ನಾದಿದನು, ಬಿಸಿಲಿಗೆ ಇಟ್ಟಾಗ ಏನಾಯಿತು, ಅಜ್ಜನು ಏನೆಂದನು ಎಂಬುದನ್ನೆಲ್ಲ ಅವನು ನಿಲ್ಲದೆ ಹೇಳಿದನು. ವರ್ಗದಲ್ಲಿ ನಾಲ್ಕು ವಾಕ್ಯ ಓದಲು ತಡವರಿಸುವ ಹುಡುಗನವನು. ಅಂದು ಅವನಾಡಿದ ಕನ್ನಡವು ಸ್ವಚ್ಛವೂ ಸರಾಗವೂ ಆಗಿದ್ದಿತು. ಆ ದಿನದಿಂದ ಈ ವಿಷಯವು ನಮ್ಮ ಮನಸ್ಸಿನಲ್ಲಿದೆ.

ಆ ಎತ್ತನ್ನೇ ತೆಗೆದುಕೊಳ್ಳೋಣ. ಕಾರಹುಣ್ಣಿಮೆಯ ತರುವಾಯ ಬರುವದು ಮಣ್ಣೆತ್ತಿನ ಅಮಾವಾಸ್ಯೆ. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವ ಪದ್ಧತಿಯೂ ಉಂಟು. ಮುಂಗಾರಿನ ಮೊದಲ ಮಳೆಗೆ ಮಣ್ಣು ಹಸಿಯಾದ ಹೊತ್ತಿಗೆ ಮಕ್ಕಳ ಕೈಗೆ ಮಣ್ಣನ್ನು ಕೊಡುವ ಏರ್ಪಾಡನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಮಣ್ಣಿನ ಹರಳನ್ನು ಆರಿಸಬೇಕು, ನೀರು ಹಾಕಿ ನಾದಬೇಕು, ಮೈಯನ್ನು ಮೊದಲು ಮಾಡಿ ಕಾಲುಗಳನ್ನು ಮೆತ್ತಬೇಕು. ನಮ್ಮ ಸೀಮೆಯದು ಎರೆಮಣ್ಣು. ನೀರು ಕುಡಿದಾಗ ಉಬ್ಬುವದು, ಒಣಗಿದಾಗ ಕುಗ್ಗುವದು ಅದರ ಗುಣ. ಬೇಸಿಗೆಯಲ್ಲಿ ಹೊಲವೆಲ್ಲ ಬಿರುಕು ಬಿಡುವದು ಇದೇ ಕಾರಣದಿಂದ. ಎತ್ತಿನ ತೆಳ್ಳಗಿನ ಕಾಲು ಬೇಗ ಒಣಗುತ್ತದೆ, ದಪ್ಪ ಮೈ ತಡವಾಗಿ ಒಣಗುತ್ತದೆ. ಆದುದರಿಂದ ಅವೆರಡು ಕೂಡುವಲ್ಲಿ ಬಿರುಕು ಬೀಳುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಕಾಲು ಉಳಿಯುತ್ತದೆ. ವಿಜ್ಞಾನದ ಪಾಠವೊಂದು ಮನೆಯ ಕಟ್ಟೆಯ ಮೇಲೆಯೇ ಆಗಿಹೋಯಿತು!

ಇನ್ನು ಕೌದಿ. ಹಳೆಯ ಸೀರೆ, ಧೋತರಗಳನ್ನು ಒಗೆದು, ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಗಿನ ಕಡೆಗೆ ಸಾಲುಸಾಲಾಗಿ ಹೊಲಿಯುವರು. ವಿದ್ಯಾರ್ಥಿಗಳೇ, ಒಂದು ಲೆಕ್ಕವನ್ನು ಮಾಡಿರಿ. ಕೌದಿಯ ಉದ್ದ 72 ಇಂಚು, ಅಗಲ 54 ಇಂಚು ಇರಲಿ. ಮೇಲೆ ಕಾಣುವ ಒಂದೊಂದು ತುಂಡು 9 ಇಂಚಿನ ಚೌಕವಿರಲಿ. ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48 ತುಂಡುಗಳು ಬೇಕು. ಆದರೆ ತುಂಡನ್ನು 9 ಇಂಚಿಗೆ ಕತ್ತರಿಸಿದರೆ ಕೆಲಸ ಕೆಟ್ಟಿತು! ನಾಲ್ಕೂ ಕಡೆಗೆ ಅರ್ಧರ್ಧ ಇಂಚು ಮಡಚಬೇಕಾದುದರಿಂದ 10 ಇಂಚಿಗೆ ಕತ್ತರಿಸಬೇಕು. ಆಗ ಬಟ್ಟೆ ಬೇಕಾಗುವದು 4800 ಚದರ ಇಂಚು. ಕಣ್ಣಿಗೆ ಕಾಣುವದು 3888 ಚದರ ಇಂಚು. ಉಳಿದ 912 ಚದರ ಇಂಚು, ಎಂದರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು, ಮಡಿಕೆಯೊಳಗೆ ಅಡಗಿತು. ಅಕ್ಷರ ಕಲಿಯದ ಅಜ್ಜಿಯೂ ಈ ಪಾಲನ್ನು ಕಣ್ಣಳತೆಯಿಂದಲೇ ಬಿಟ್ಟು ಕತ್ತರಿಸುವಳು.

ಕಸೂತಿಯೂ ಹೀಗೆಯೇ. ಇಳಕಲ್ ಸೀರೆಯ ಮೇಲೆ ಶೋಭಿಸುವ ಈ ಕಲೆಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳುಂಟು. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚಬೇಕು. ಗವಂತಿಯಲ್ಲಿ ದಾರವು ಒಮ್ಮೆ ಎಡೆಬಿಟ್ಟು ಹೋಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಬಟ್ಟೆಯ ಎರಡೂ ಮೈಗಳಲ್ಲಿ ಒಂದೇ ರೂಪ ಕಾಣುತ್ತದೆ. ಎಣಿಕೆಯಲ್ಲಿ ಒಂದೇ ಎಳೆ ತಪ್ಪಿದರೂ ಗೋಪುರವು ಸೊಟ್ಟಾಗುವದು. ಬಿಚ್ಚಿ ಮತ್ತೆ ಹಾಕಬೇಕು. ತಾಳ್ಮೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗುರುವು ದೊರೆಯಲಾರನು.

ವಿಜ್ಞಾನ, ಗಣಿತ, ತಾಳ್ಮೆ—ಈ ಮೂರೂ ಯಾವ ನಾಡಿನ ಮಕ್ಕಳಿಗಾದರೂ ಬೇಕಾದವು. ನಮಗೆ ವಿಶೇಷವಾಗಿ ಬೇಕಾದ ನಾಲ್ಕನೆಯದೊಂದಿದೆ, ಅದು ಮಾತು.

1956ರ ನವಂಬರ 1ರಂದು ರಾಜ್ಯಗಳ ಗಡಿಗಳು ಹೊಸದಾಗಿ ಗೊತ್ತಾದಾಗ ಅಕ್ಕಲಕೋಟೆಯು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿದೆ. ಇಲ್ಲಿಯ ಮಗುವು ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿಯನ್ನು ಕೇಳುತ್ತದೆ, ಮೊಬೈಲಿನಲ್ಲಿ ಹಿಂದಿ, ಇಂಗ್ಲಿಷುಗಳನ್ನು ಕೇಳುತ್ತದೆ. ಅವೆಲ್ಲವನ್ನೂ ಅದು ಚೆನ್ನಾಗಿ ಕಲಿಯಲಿ. ನೆರೆಯ ಮಾತನ್ನು ಬಲ್ಲವನಿಗೆ ಕೇಡಿಲ್ಲ. ಪಕ್ಕದ ಮನೆಯ ಮರಾಠಿ ತಾಯಿ ಗೋಧಡಿ ಎನ್ನುವಳು, ನಮ್ಮ ತಾಯಿ ಕೌದಿ ಎನ್ನುವಳು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಒಂದೇ ಬಗೆಯಾಗಿ ಹೊಲಿಯುವರು. ಆದರೆ ಕೌದಿಯನ್ನು ಹೊಲಿಯುವದೇ ನಿಂತು, ಪೇಟೆಯ ಕಂಬಳಿಯೊಂದೇ ಉಳಿದರೆ, ಆ ಮಾತು ಮಗುವಿನ ಬಾಯಿಗೆ ಬರುವ ದಾರಿ ಯಾವುದು?

ಪಠ್ಯಪುಸ್ತಕವು ಬಹಳಷ್ಟು ಶಬ್ದಗಳನ್ನು ಕಲಿಸಬಲ್ಲದು. ಆದರೆ ನಾದು, ಮೆತ್ತು, ಹೊಸೆ, ಹೆಣೆ, ಪೋಣಿಸು, ಬಿಗಿ ಎಂಬ ಶಬ್ದಗಳ ನಿಜವಾದ ಅರ್ಥವು ಬೆರಳುಗಳಿಗೇ ತಿಳಿಯತಕ್ಕದ್ದು. ಹಗ್ಗವನ್ನು ಹೊಸೆಯುತ್ತೇವೆ, ಜಡೆಯನ್ನು ಹೆಣೆಯುತ್ತೇವೆ, ಮಣಿಯನ್ನು ಪೋಣಿಸುತ್ತೇವೆ. ಒಂದರ ಎಡೆಯಲ್ಲಿ ಮತ್ತೊಂದು ನಿಲ್ಲದು. ಮಣ್ಣೆತ್ತನ್ನು ಮಾಡುವ ಮಗುವಿಗೆ ಇಣಿ, ಗೊರಸು, ಗಂಗೆದೊಗಲು, ಕೊಂಬಣಸು, ಝೂಲ, ಗೋದಲಿ ಎಂಬ ಮಾತುಗಳು ಕೇಳದೆಯೇ ಬರುತ್ತವೆ. ಕೆಲಸ ಮಾಡುವ ಕೈ ನಿಂತಲ್ಲಿ ಈ ಮಾತುಗಳೂ ನಿಲ್ಲುತ್ತವೆ. ಶಾಲೆಯೊಂದೇ ಅವನ್ನು ಉಳಿಸಲಾರದು. ಶಾಲೆಯು ಬರೆಯಲು ಕಲಿಸುವದು. ಆಡಲು ಕಲಿಸುವವರು ತಾವು.

ಕೆಲಸದ ಮೂಲಕ ಕಲಿಕೆಯೆಂಬುದು ಹೊಸ ಮಾತಲ್ಲ. 1937ರ ಅಕ್ಟೋಬರದಲ್ಲಿ ಇದೇ ಮಹಾರಾಷ್ಟ್ರದ ವರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಶಿಕ್ಷಣ ಪರಿಷತ್ತು, ಶಿಕ್ಷಣವು ಮಾತೃಭಾಷೆಯಲ್ಲಿಯೂ ಒಂದು ಕೈಗೆಲಸದ ಸುತ್ತಲೂ ನಡೆಯಬೇಕೆಂದು ಹೇಳಿತು. ಮಾತೃಭಾಷೆ, ಕೈಗೆಲಸ—ಇವೆರಡನ್ನೂ ಅವರು ಒಟ್ಟಿಗೆ ಹೇಳಿದುದನ್ನು ಗಮನಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕೂಡ 6ರಿಂದ 8ನೆಯ ವರ್ಗದವರೆಗಿನ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಹತ್ತಿರ ಕಲಿಯಲೆಂದು ಸೂಚಿಸಿದೆ.

ಇದರಿಂದ ಹೊಟ್ಟೆ ತುಂಬೀತೇ ಎಂದು ಕೆಲವರು ಕೇಳುವರು. ತಮ್ಮ ಮಗನು ಕೌದಿ ಹೊಲಿದು ಬದುಕಲೆಂದು ನಾವು ಹೇಳುತ್ತಿಲ್ಲ. ಅವನು ವೈದ್ಯನಾಗಲಿ, ಯಂತ್ರಜ್ಞನಾಗಲಿ. ಎಣಿಸಿ, ಅಳೆದು, ಕೆಟ್ಟುದನ್ನು ಬಿಚ್ಚಿ ಮತ್ತೆ ಮಾಡುವ ಗುಣವು ಅಲ್ಲಿಯೂ ಬೇಕು. ಹೊಲಿಗೆಯು ಹೆಣ್ಣುಮಕ್ಕಳ ಕೆಲಸವೆಂದು ಇನ್ನು ಕೆಲವರೆನ್ನುವರು. ಸೂಜಿಗೆ ಆ ಭೇದ ತಿಳಿಯದು. ಗುಂಡಿ ಹಚ್ಚಿಕೊಳ್ಳಲು ಬಾರದ ಹುಡುಗನನ್ನು ಪೂರ್ಣ ಕಲಿತವನೆಂದು ನಾವು ಎಣಿಸಲಾರೆವು. ದುಡಿದು ದಣಿದು ಬಂದವರಿಗೆ ವೇಳೆಯೆಲ್ಲಿ ಎಂಬುದೊಂದೇ ನ್ಯಾಯವಾದ ಮಾತು. ಅಂಥವರಲ್ಲಿ ನಾವು ವಾರಕ್ಕೊಂದು ತಾಸನ್ನು ಮಾತ್ರ ಬೇಡುತ್ತೇವೆ.

ಈ ವರ್ಷದ ಪ್ರದರ್ಶನಕ್ಕೆ ನಾವು ಮೂರು ನಿಯಮಗಳನ್ನು ಗೊತ್ತುಮಾಡಿದ್ದೇವೆ. ಕೊಂಡು ತಂದ ಸಿದ್ಧವಸ್ತುವಿಗೆ ಅಲ್ಲಿ ಸ್ಥಳವಿಲ್ಲ. ಮಣ್ಣು, ಚಿಂದಿ, ದಂಟು, ನಾರು, ಹಳೆಯ ಕಾಗದ ಇವೇ ಸಾಮಗ್ರಿಗಳು. ಹಿರಿಯರು ಪಕ್ಕದಲ್ಲಿ ಕುಳಿತು ಬಾಯಿಂದ ಹೇಳಬಹುದು, ಕೈಯಿಂದ ಮಾಡಕೂಡದು. ವಸ್ತುವಿನ ಸಂಗಡ ಮಗುವು ಒಂದು ಹಾಳೆಯನ್ನು ತರಬೇಕು; ಅದರಲ್ಲಿ ಮಾಡಿದ ಬಗೆಯನ್ನೂ, ಮನೆಯ ಹಿರಿಯರಿಂದ ಹೊಸದಾಗಿ ಕೇಳಿದ ಐದು ಕನ್ನಡ ಶಬ್ದಗಳನ್ನೂ ಬರೆದಿರಬೇಕು. ಆ ಶಬ್ದಗಳನ್ನೆಲ್ಲ ಒಂದು ವಹಿಯಲ್ಲಿ ಸೇರಿಸಿ ಶಾಲೆಯ ವಾಚನಾಲಯದಲ್ಲಿ ಇಡುವೆವು. ವಸ್ತುವು ಸೊಟ್ಟಾಗಿದ್ದರೆ ಅಡ್ಡಿಯಿಲ್ಲ; ಕಾಲು ಮುರಿದ ಎತ್ತನ್ನೂ ನಾವು ಆದರದಿಂದ ಬರಮಾಡಿಕೊಳ್ಳುವೆವು.

ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದೊಡನೆ ಅಜ್ಜಿಯನ್ನು ಕೇಳಿರಿ: ‘ನೀನು ಸಣ್ಣವಳಿದ್ದಾಗ ಏನೇನು ಮಾಡುತ್ತಿದ್ದೆ?’ ಅವಳು ಹೇಳಲು ತೊಡಗಿದರೆ ನಡುವೆ ಏಳಬೇಡಿರಿ. ಪಾಲಕರೇ, ಮಗುವಿನ ಅಂಗಿಗೆ ಮಣ್ಣು ತಾಗಿತೆಂದು ಗದರಿಸಬೇಡಿರಿ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಹಿರಿಯರ ಗಾದೆ. ನಮ್ಮ ಗಡಿಯ ಮಕ್ಕಳ ಬಾಯಿಗೆ ಬರಬೇಕಾದ ಮೊಸರು ಅವರ ಮನೆಯ ಮಾತೇ ಎಂದು ನಾವು ನಂಬಿದ್ದೇವೆ.