ಕಂಪನಿ ನಿಮ್ಮದೇ, ಆದರೆ ಅದರ ದುಡ್ಡು ನಿಮ್ಮದಲ್ಲ

ಇವತ್ತಿನ ಸಂಚಿಕೆ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸ್ತಿರೋರಿಗೆ, ಶುರು ಮಾಡಬೇಕು ಅಂತ ಓಡಾಡ್ತಿರೋರಿಗೆ. ಮನೆಯಲ್ಲಿ ಅಪ್ಪನೋ ಅಣ್ಣನೋ ಇಂಥ ಕಂಪನಿ ಇಟ್ಟಿದ್ದರೆ ಅವರಿಗೂ ಕೇಳಿಸಿ. ವಿಷಯ ಇಷ್ಟೇ: ನಿಮ್ಮದೇ ಕಂಪನಿಯಿಂದ ನೀವು ಸಾಲ ತಗೊಂಡರೆ, ತೆರಿಗೆ ಕಾನೂನು ಅದನ್ನ ಸಾಲ ಅಂತ ನೋಡದೆ, ಕಂಪನಿ ನಿಮಗೆ ಹಂಚಿದ ಲಾಭ ಅಂತ ನೋಡಬಹುದು. ಇದಕ್ಕೆ ಡೀಮ್ಡ್ ಡಿವಿಡೆಂಡ್ ಅಂತಾರೆ. ಸುಲಭವಾಗಿ ಹೇಳಬೇಕಂದ್ರೆ, ಡಿವಿಡೆಂಡ್ ಅಂತ ಯಾರೂ ಕರೆಯದಿದ್ದರೂ ಕಾನೂನು ಹಾಗೆ ಭಾವಿಸೋ ಹಣ.

ಒಂದು ಲೆಕ್ಕ ಹಾಕೋಣ. ಪೀಣ್ಯದಲ್ಲಿ ಅಣ್ಣ ತಮ್ಮ ಸೇರಿ ಒಂದು ಸಣ್ಣ ಕಂಪನಿ ನಡೆಸ್ತಿದ್ದಾರೆ ಅಂತ ಇಟ್ಕೊಳ್ಳಿ. ಇಬ್ಬರದೂ ಅರ್ಧರ್ಧ ಷೇರು. ತೆರಿಗೆ ಎಲ್ಲ ಕಟ್ಟಿ ವರ್ಷಗಳಿಂದ ಉಳಿದ ಲಾಭ 18 ಲಕ್ಷ ಕಂಪನಿಯಲ್ಲೇ ಇದೆ. ತಮ್ಮನಿಗೆ ಸೈಟ್ ತಗೊಳ್ಳೋಕೆ 12 ಲಕ್ಷ ಬೇಕು. ಬ್ಯಾಂಕಿಗೆ ಹೋದರೆ ಬಡ್ಡಿ, ಓಡಾಟ. 'ನಮ್ಮ ಕಂಪನಿ ತಾನೇ, ಆರು ತಿಂಗಳಲ್ಲಿ ವಾಪಸ್ ಹಾಕ್ತೀನಿ' ಅಂತ ಕಂಪನಿ ಖಾತೆಯಿಂದ ತನ್ನ ಖಾತೆಗೆ ವರ್ಗಾಯಿಸಿದ.

ಕಾನೂನಿನ ಕಣ್ಣಲ್ಲಿ ಆ 12 ಲಕ್ಷ ಅವನ ಆ ವರ್ಷದ ಆದಾಯ. ಬೇರೆ ಆದಾಯದಿಂದಲೇ ಅವನು 30 ಪರ್ಸೆಂಟ್ ಸ್ಲ್ಯಾಬ್‌ಗೆ ಬಂದಿದ್ದು, ಒಟ್ಟು 50 ಲಕ್ಷ ದಾಟಿಲ್ಲ ಅಂದ್ರೆ, ಸೆಸ್ ಸೇರಿ 31.2 ಪರ್ಸೆಂಟ್. ಅಂದರೆ 3,74,400 ರೂಪಾಯಿ ತೆರಿಗೆ. ಸೈಟಿನ ದುಡ್ಡಲ್ಲಿ ಮೂರನೇ ಒಂದು ಭಾಗದ ಹತ್ತಿರ ಹತ್ತಿರ ಹೋಯ್ತು. ಅದರ ಮೇಲೆ ಕಂಪನಿಗೆ 12 ಲಕ್ಷ ಸಾಲ ತೀರಿಸೋದು ಹಾಗೇ ಬಾಕಿ ಇದೆ!

ಎಲ್ಲ ಸಾಲಕ್ಕೂ ಹೀಗಾಗುತ್ತಾ? ಇಲ್ಲ. ನಾಲ್ಕು ವಿಷಯ ಕೂಡಿ ಬರಬೇಕು. ಒಂದು, ಸಾಲ ಕೊಟ್ಟಿದ್ದು ಕೆಲವರೇ ಸೇರಿ ಇಟ್ಟುಕೊಂಡ ಕಂಪನಿಯಾಗಿರಬೇಕು. ಷೇರುಪೇಟೆಯಲ್ಲಿ ಲಿಸ್ಟ್ ಆಗಿ ಸಾರ್ವಜನಿಕರ ಪಾಲಿರೋ ಕಂಪನಿಗೆ ಇದಿಲ್ಲ. ಎರಡು, ಪಡೆದವರ ಹತ್ತಿರ ಕನಿಷ್ಠ 10 ಪರ್ಸೆಂಟ್ ಮತದ ಹಕ್ಕಿನ ಷೇರು ಇರಬೇಕು. ಮೂರು, ಕಂಪನಿಯಲ್ಲಿ ಕೂಡಿಟ್ಟ ಲಾಭ ಇರಬೇಕು, ಮತ್ತು ಅಷ್ಟಕ್ಕೆ ಮಾತ್ರ. ಆ ತಮ್ಮನ ಕಂಪನಿಯಲ್ಲಿ 18ರ ಬದಲು 5 ಲಕ್ಷ ಇದ್ದಿದ್ದರೆ 5 ಲಕ್ಷಕ್ಕೆ ಮಾತ್ರ ತೆರಿಗೆ. ಆದರೆ ಗಮನಿಸಿ, ದುಡ್ಡು ಕೊಟ್ಟ ದಿನದವರೆಗಿನ ಈ ವರ್ಷದ ಲಾಭವೂ ಅದರಲ್ಲಿ ಸೇರುತ್ತೆ. ನಾಲ್ಕು, ಬಡ್ಡಿಗೆ ಸಾಲ ಕೊಡೋದೇ ಕಂಪನಿಯ ಮುಖ್ಯ ವ್ಯವಹಾರಗಳಲ್ಲಿ ಒಂದಾಗಿ, ಆ ವ್ಯವಹಾರದ ಭಾಗವಾಗಿ ಕೊಟ್ಟ ಸಾಲ ಆಗಿರಬಾರದು.

'ಸಾಲ ಅಂತ ಬರೀದಿದ್ರೆ ಆಯ್ತಲ್ಲ' ಅಂತ ಯಾರಿಗಾದರೂ ಅನಿಸಬಹುದು. ಕಾನೂನು ಅದನ್ನೂ ಯೋಚಿಸಿದೆ. ನಿಮ್ಮ ಸ್ವಂತ ಕ್ರೆಡಿಟ್ ಕಾರ್ಡ್ ಬಿಲ್, ಮಗುವಿನ ಸ್ಕೂಲ್ ಫೀಸು ಕಂಪನಿ ಕಟ್ಟಿದರೆ, ಅದೂ ನಿಮ್ಮ ಲಾಭಕ್ಕಾಗಿ ಮಾಡಿದ ಪಾವತಿಯೇ. ನಿಮಗೆ 20 ಪರ್ಸೆಂಟ್ ಪಾಲಿರೋ ಇನ್ನೊಂದು ಕಂಪನಿಗೋ ಪಾಲುದಾರಿಕೆ ಸಂಸ್ಥೆಗೋ ಸಾಲ ಕೊಡಿಸಿದರೂ ಇದೇ ನಿಯಮ.

ಇಷ್ಟು ಕಠಿಣ ಯಾಕೆ? ಈ ನಿಯಮ ಬಂದಿದ್ದು 1955ರಲ್ಲಿ, ಹಳೇ 1922ರ ಕಾಯ್ದೆಗೆ ತಿದ್ದುಪಡಿಯಾಗಿ. ಕುಟುಂಬದ ಕಂಪನಿಗಳು ಲಾಭ ಮಾಡ್ತಿದ್ದವು, ಡಿವಿಡೆಂಡ್ ಘೋಷಿಸ್ತಿರಲಿಲ್ಲ, ಯಾಕಂದ್ರೆ ಅದಕ್ಕೆ ತೆರಿಗೆ. ಬದಲಿಗೆ ಷೇರುದಾರರಿಗೆ 'ಸಾಲ' ಕೊಡ್ತಿದ್ದವು. ತೀರಿಸೋ ಗಡಿಬಿಡಿ ಯಾರಿಗೂ ಇರ್ತಿರಲಿಲ್ಲ. ಆ ಬಾಗಿಲು ಮುಚ್ಚೋಕೆ ಈ ನಿಯಮ. ಇದು ಸಂವಿಧಾನಬದ್ಧವೇ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯ್ತು, 1965ರಲ್ಲಿ ಕೋರ್ಟ್ ಎತ್ತಿಹಿಡಿಯಿತು. 1961ರ ಕಾಯ್ದೆಯಲ್ಲಿ ಇದು ಸೆಕ್ಷನ್ 2(22)(ಇ). 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆ ಬದಲಾಗಿದೆ, ನಿಯಮ ಹೋಗಿಲ್ಲ.

ಈಗ ಎಲ್ಲರೂ ಎಡವೋ ಜಾಗ. 'ವರ್ಷ ಮುಗಿಯೋದರೊಳಗೆ ವಾಪಸ್ ಕಟ್ಟಿಬಿಟ್ಟರೆ?' ಇದೇ ಪ್ರಶ್ನೆ ತರುಲತಾ ಶ್ಯಾಮ್ ಪ್ರಕರಣದಲ್ಲಿ ಬಂತು. ಸಾಲ ಪಡೆದು ಅದೇ ವರ್ಷ ತೀರಿಸಿದ್ದರು. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ವರ್ಷದ ಕೊನೆಗೆ ಸಾಲ ಬಾಕಿ ಇರಬೇಕು ಅಂತ ಕಾನೂನಲ್ಲಿ ಬರೆದಿಲ್ಲ, ಇಲ್ಲದ ಮಾತನ್ನ ನಾವು ಸೇರಿಸೋಕಾಗಲ್ಲ. ಅಂದರೆ ದುಡ್ಡು ಕಂಪನಿ ಖಾತೆಯಿಂದ ಹೊರಟ ಕ್ಷಣಕ್ಕೇ ತೆರಿಗೆ ಗಟ್ಟಿ. ವಾಪಸ್ ಕಟ್ಟಿದರೆ ಸಾಲ ತೀರುತ್ತೆ, ತೆರಿಗೆ ತೀರಲ್ಲ. ನನಗೆ ಕೇಳಿದರೆ ಇದು ಪ್ರಾಮಾಣಿಕವಾಗಿ ತೀರಿಸಿದವರಿಗೆ ಅನ್ಯಾಯ. ಮುಂದೆ ಕಂಪನಿ ಡಿವಿಡೆಂಡ್ ಘೋಷಿಸಿ ಆ ಸಾಲಕ್ಕೆ ವಜಾ ಮಾಡಿಕೊಂಡರೆ ಅಷ್ಟಕ್ಕೆ ಮತ್ತೆ ತೆರಿಗೆ ಇಲ್ಲ. ಜೇಬಿಂದ ತೀರಿಸಿದವರಿಗೆ ಆ ವಿನಾಯಿತಿಯೂ ಸಿಗಲ್ಲ.

ಹಾಗಂತ ಎಲ್ಲ ಪಾವತಿಗೂ ಹೆದರಬೇಕಿಲ್ಲ. ಕಂಪನಿಗೆ ಮಾಲು ಪೂರೈಸೋಕೆ ನೀವು ಪಡೆದ ವ್ಯಾಪಾರದ ಮುಂಗಡ ಇದರಲ್ಲಿ ಬರಲ್ಲ. ನೇರ ತೆರಿಗೆಗಳ ಕೇಂದ್ರ ಮಂಡಳಿ 2017ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ ಇದನ್ನ ಒಪ್ಪಿದೆ. ನೀವು ಮೊದಲು ಕಂಪನಿಗೆ ಕೊಟ್ಟಿದ್ದ ಸಾಲ ನಿಮಗೆ ವಾಪಸ್ ಬಂದರೂ ತೊಂದರೆ ಇಲ್ಲ. ಅದು ಮುಗಿದ ಮೇಲೆ ತೆಗೆದ ಮೊದಲ ರೂಪಾಯಿಯಿಂದ ಲೆಕ್ಕ ಶುರು.

ಇಲ್ಲಿ ಗೊಂದಲ ಹುಟ್ಟೋಕೆ ಒಂದು ಕಾರಣ ಇದೆ. ಅಪ್ಪನ ಅಂಗಡಿ ಪ್ರೊಪ್ರೈಟರ್‌ಶಿಪ್. ಗಲ್ಲಾದಿಂದ ಸಾವಿರ ತೆಗೆದರೆ ಪುಸ್ತಕದಲ್ಲಿ 'ಡ್ರಾಯಿಂಗ್ಸ್' ಅಂತ ಬರೆದರೆ ಮುಗೀತು. ಪಾಲುದಾರಿಕೆ ಸಂಸ್ಥೆ, ಎಲ್‌ಎಲ್‌ಪಿ ತನ್ನ ಪಾಲುದಾರರಿಗೆ ಕೊಟ್ಟ ಸಾಲಕ್ಕೂ ಈ ನಿಯಮ ಅಂಟಲ್ಲ. ಅದೇ ವ್ಯಾಪಾರವನ್ನ ಮಕ್ಕಳು ಪ್ರೈವೇಟ್ ಲಿಮಿಟೆಡ್ ಮಾಡಿದ ದಿನ, ಅಂಗಡಿ ಅದೇ, ಬೋರ್ಡೂ ಅದೇ, ಆದರೆ ಗಲ್ಲಾ ಇನ್ನೊಬ್ಬರದಾಯ್ತು. ಆ ಇನ್ನೊಬ್ಬರ ಹೆಸರೇ ಕಂಪನಿ. ಅಭ್ಯಾಸ ಮಾತ್ರ ಹಳೇದು.

ಹಾಗಾದರೆ ದುಡ್ಡು ಬೇಕಾದಾಗ ಏನು ಮಾಡಬೇಕು? ಹೊರಡೋ ಮೊದಲೇ ಅದಕ್ಕೊಂದು ಹೆಸರು ಕೊಡಿ. ಕೆಲಸ ಮಾಡ್ತಿದ್ದರೆ ಸಂಬಳ. ಕಂಪನಿ 22 ಪರ್ಸೆಂಟ್ ದರದಲ್ಲಿದ್ದರೆ, ಸರ್‌ಚಾರ್ಜ್, ಸೆಸ್ ಸೇರಿ 100 ರೂಪಾಯಿ ಲಾಭದಲ್ಲಿ ಸುಮಾರು 25 ಕಟ್ಟುತ್ತೆ. ಉಳಿದ 75 ಡಿವಿಡೆಂಡ್ ಆಗಿ ಬಂದು 31.2 ಪರ್ಸೆಂಟ್ ಹೋದರೆ ನಿಮ್ಮ ಕೈಗೆ ಸುಮಾರು 51. ಅದೇ 100 ಸಂಬಳವಾಗಿ ಬಂದರೆ ಕಂಪನಿಗೆ ಅದು ಖರ್ಚು, ನಿಮ್ಮ ಕೈಗೆ ಸುಮಾರು 69. ಸಂಬಳ ಕೆಲಸಕ್ಕೆ ತಕ್ಕಷ್ಟಿರಬೇಕು, ಅಷ್ಟೇ. ಲಾಭಾಂಶವೇ ಬೇಕಾದರೆ ನೇರವಾಗಿ ಘೋಷಿಸಿ. ತೆರಿಗೆ ಕಟ್ಟಿದ ಮೇಲೆ ಆ ದುಡ್ಡು ನಿಜವಾಗಿ ನಿಮ್ಮದು, ವಾಪಸ್ ಕೊಡೋದಿಲ್ಲ.

ಕೊನೆಗೆ ಒಂದು ಎಚ್ಚರಿಕೆ. 2018ರ ಏಪ್ರಿಲ್‌ನಿಂದ ಎರಡು ವರ್ಷ ಈ ತೆರಿಗೆಯನ್ನ ಕಂಪನಿಯೇ ಕಟ್ಟಬೇಕಿತ್ತು. ಆ ಕಾಲದ ವಿಡಿಯೋ, ಲೇಖನ ಇನ್ನೂ ಓಡಾಡ್ತಿವೆ. 2020ರ ಏಪ್ರಿಲ್ 1ರಿಂದ ಹೊರೆ ಮತ್ತೆ ಷೇರುದಾರನ ತಲೆ ಮೇಲಿದೆ, ಕಂಪನಿ 10 ಪರ್ಸೆಂಟ್ ಟಿಡಿಎಸ್ ಹಿಡೀಬೇಕು.

ಇವತ್ತು ಒಂದು ಕೆಲಸ ಮಾಡಿ. ಕಂಪನಿಯ ಲೆಡ್ಜರ್‌ನಲ್ಲಿ ನಿಮ್ಮ ಹೆಸರಿನ ಖಾತೆ ತೆಗೆದು ನೋಡಿ. ಕಂಪನಿ ನಿಮಗೆ ಕೊಡಬೇಕಾ, ನೀವು ಕಂಪನಿಗೆ ಕೊಡಬೇಕಾ? ಎರಡನೇದಾದರೆ, ಮಾರ್ಚ್ ತನಕ ಕಾಯದೆ ನಿಮ್ಮ ಆಡಿಟರ್‌ಗೆ ಫೋನ್ ಮಾಡಿ.