ನೆಲದಲ್ಲಿ ನಿಂತವರ ನೆನಪು



ತುಮಕೂರು ರಸ್ತೆಯಲ್ಲಿ ಬೆಂಗಳೂರು ಮುಗಿಯುತ್ತಾ ಬಂದು, ನೆಲಮಂಗಲ ಇನ್ನೂ ಶುರುವಾಗದ ಜಾಗದಲ್ಲಿ ನಮ್ಮ ಮಾಕಳಿ ಇದೆ. 2024ರ ನವೆಂಬರಿನಲ್ಲಿ ಮೆಟ್ರೊ ಪಕ್ಕದ ಮಾದಾವರದವರೆಗೂ ಬಂತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬಡಾವಣೆಗಳು ಎದ್ದಿವೆ. ಇಲ್ಲಿಂದ ಜಾಲಹಳ್ಳಿ, ಯಲಹಂಕದವರೆಗೆ ಯಾವ ಬಡಾವಣೆಗೆ ಹೋದರೂ, ಮಕ್ಕಳೆಲ್ಲ ‘ಏರ್‌ಫೋರ್ಸ್ ಅಂಕಲ್’ ಎಂದು ಕರೆಯುವ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ. ಬೆಳಗ್ಗೆ ಬೇಗ ಏಳುತ್ತಾರೆ, ಶೂಗೆ ಪಾಲಿಶ್ ಹಾಕುತ್ತಾರೆ, ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಬಂದು ನಿಲ್ಲುತ್ತಾರೆ.

ಇವರೆಲ್ಲ ಈ ಕಡೆಗೇ ಬಂದು ನೆಲೆಸಿದ್ದಕ್ಕೆ ಕಾರಣ ಉಂಟು. 1949ರಲ್ಲಿ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಆರಂಭವಾಯಿತು. ದೇಶದ ಮೂಲೆಮೂಲೆಯಿಂದ ಬಂದ ಹುಡುಗರು ಇಲ್ಲಿ ರೇಡಿಯೊ, ಇನ್‌ಸ್ಟ್ರುಮೆಂಟ್, ಎಲೆಕ್ಟ್ರಿಕಲ್ ಕೆಲಸ ಕಲಿತರು. ಇಪ್ಪತ್ತು ವರ್ಷ ಸೇವೆ ಮುಗಿಸಿ ಹೊರಬರುವಾಗ ಅವರಿಗೆ ವಯಸ್ಸು ಇನ್ನೂ ನಲವತ್ತರ ಆಸುಪಾಸು. ಬಿಇಎಲ್, ಎಚ್‌ಎಂಟಿ, ಎಚ್‌ಎಎಲ್, ಬ್ಯಾಂಕು ಎಂದು ಎರಡನೆಯ ನೌಕರಿ ಹಿಡಿದರು, ಸೈಟು ಕೊಂಡು ಮನೆ ಕಟ್ಟಿಸಿದರು. ಇಂದು ಬೆಳಗಿನ ವಾಕಿಂಗ್ ಮುಗಿಸಿ ಚಹಾದ ಅಂಗಡಿ ಮುಂದೆ ಸೇರುವ ಇಂಥವರ ಮಾತು ಪಿಂಚಣಿಯಿಂದ, ಕ್ಯಾಂಟೀನ್ ಕಾರ್ಡಿನಿಂದ, ಮಾಜಿ ಸೈನಿಕರಿಗೆಂದು ಇರುವ ಇಸಿಎಚ್‌ಎಸ್ ಆಸ್ಪತ್ರೆಯ ಮಾತ್ರೆಗಳಿಂದ ಶುರುವಾಗುತ್ತದೆ. ಅವರಲ್ಲಿ ಯಾರಾದರೂ ಹೊರದೇಶಕ್ಕೆ ಹೋಗಿ ಬಂದವರಿದ್ದರೆ, ಮಾತು ಮೆಲ್ಲಗೆ ಸಮುದ್ರ ದಾಟುತ್ತದೆ. ಶ್ರೀಲಂಕಾ, ಕಾಂಗೊ, ಸಿಯೆರಾ ಲಿಯೋನ್.

ಈ ಹೆಸರುಗಳ ಹಿಂದಿನ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1960ರಲ್ಲಿ ಕಾಂಗೊ ದೇಶದಿಂದ ಕಟಾಂಗಾ ಪ್ರಾಂತ್ಯ ಒಡೆದು ಹೋಯಿತು. 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಅಲ್ಲಿತ್ತು. ಕಟಾಂಗಾದ ಕೈಯಲ್ಲಿ ಹಾರುವ ಸ್ಥಿತಿಯಲ್ಲಿದ್ದ ಒಂದೇ ಒಂದು ಫೂಗಾ ಜೆಟ್ ಆ ಇಡೀ ಪಡೆಯನ್ನು ಕಾಡುತ್ತಿತ್ತು. ಆಗ ವಿಶ್ವಸಂಸ್ಥೆ ಯುದ್ಧವಿಮಾನಗಳನ್ನು ಕೇಳಿತು. ಸ್ವೀಡನ್, ಇಥಿಯೋಪಿಯಾಗಳ ಜೊತೆಗೆ ಭಾರತವೂ ಕಳಿಸಿತು. ನಮ್ಮ ಐದನೆಯ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾ ವಿಮಾನಗಳು ಸಾಗರ ದಾಟಿ ಹೋಗಿ ಕಮಿನಾ ನೆಲೆಯಿಂದ ಕೆಲಸ ಮಾಡಿದವು. ಆ ಡಿಸೆಂಬರಿನಲ್ಲಿ ಕೊಲ್ವೆಜಿ ವಿಮಾನ ನಿಲ್ದಾಣದ ಮೇಲೆ ಅವು ದಾಳಿ ಮಾಡಿದ್ದು ದಾಖಲೆಯಲ್ಲಿದೆ. ಅಲ್ಲಿದ್ದ ನಮ್ಮವರ ಕಾಗದಗಳಿಗೆಂದೇ 1962ರಲ್ಲಿ ಭಾರತದ ಅಂಚೆಚೀಟಿಗಳ ಮೇಲೆ ಕಾಂಗೊ ಪಡೆಯ ಹೆಸರನ್ನು ಅಚ್ಚು ಹಾಕಲಾಯಿತು.

ಶ್ರೀಲಂಕಾದ ಅಧ್ಯಾಯವಂತೂ ನಮ್ಮ ಊರಿನಿಂದಲೇ ಹೊರಟಿತು. 1987ರ ಜೂನ್ 4ರಂದು ಐದು ಆಂಟನೋವ್-32 ವಿಮಾನಗಳು ಬೆಂಗಳೂರಿನಿಂದ ಹಾರಿ, ಮಿರಾಜ್ ವಿಮಾನಗಳ ಕಾವಲಿನಲ್ಲಿ, ಜಾಫ್ನಾದ ಜನರಿಗೆ ಆಹಾರ ಮತ್ತು ಔಷಧಿಗಳನ್ನು ಮೇಲಿನಿಂದ ಇಳಿಸಿ ಬಂದವು. ಮರುತಿಂಗಳೇ ಭಾರತ-ಶ್ರೀಲಂಕಾ ಒಪ್ಪಂದವಾಗಿ ನಮ್ಮ ಶಾಂತಿಪಡೆ ಅಲ್ಲಿಗೆ ಹೋಯಿತು. 1990ರ ಮಾರ್ಚ್‌ವರೆಗೆ ಪಲಾಲಿ, ತ್ರಿಂಕೋಮಲಿಗಳಲ್ಲಿ ನಮ್ಮ ಹೆಲಿಕಾಪ್ಟರುಗಳು ಗಾಯಾಳುಗಳನ್ನು ಹೊತ್ತು ತಂದವು. 2000ದ ಜುಲೈನಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನಲ್ಲಿ, ಕೈಲಾಹುನ್ ಎಂಬ ಊರಿನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಬಂಡುಕೋರರ ಮುತ್ತಿಗೆಯಲ್ಲಿದ್ದ 222 ಭಾರತೀಯ ಸೈನಿಕರನ್ನೂ ವಿಶ್ವಸಂಸ್ಥೆಯ 11 ಮಂದಿ ವೀಕ್ಷಕರನ್ನೂ ಬಿಡಿಸಿ ತಂದ ‘ಆಪರೇಷನ್ ಖುಕ್ರಿ’ ನಡೆಯಿತು. ಅಲ್ಲಿ ಜುಲೈ ಎಂದರೆ ಜಡಿಮಳೆಯ ತಿಂಗಳು. ಮೋಡ ಕಾಡಿನ ನೆತ್ತಿಗೆ ತಾಗುವಷ್ಟು ಕೆಳಗಿಳಿದಿತ್ತು. ಅಂಥ ಹವೆಯಲ್ಲಿ ನಮ್ಮ ಎಂಐ-8, ಎಂಐ-35 ಹೆಲಿಕಾಪ್ಟರುಗಳು, ಬ್ರಿಟಿಷರ ಚಿನೂಕುಗಳ ಜೊತೆಗೆ, ಹಾರಿದವು.

ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಅಲ್ಲಿ ನೆಲದಲ್ಲಿ ನಿಂತು ವಿಮಾನ ನೋಡಿಕೊಳ್ಳುವ ಕೆಲಸ ಮಾಡಿ ಬಂದ ಏರ್‌ಮನ್ ಒಬ್ಬರ ಬಾಯಲ್ಲಿ ಬರುವ ನೆನಪು ಬೇರೆ. ಅವರು ದಾಳಿಯ ಮಾತಾಡುವುದಿಲ್ಲ. ಸೊಳ್ಳೆಪರದೆ, ಮಲೇರಿಯಾ ಮಾತ್ರೆ, ಒಣಗದ ಬಟ್ಟೆ, ಮಳೆಗೆ ಜಾರುವ ಏಣಿ, ಊರಿಂದ ಬರಬೇಕಿದ್ದ ಕಾಗದ, ಇವು ಮೊದಲು ಬರುತ್ತವೆ. ಆಮೇಲೆ ತಮ್ಮ ಕೆಲಸದ ಮಾತು. ಆ ಕೆಲಸದಲ್ಲಿ ಒಂದನ್ನು ಇವತ್ತು ನಿಮಗೆ ಹತ್ತಿರದಿಂದ ತೋರಿಸಬೇಕು ಅನ್ನಿಸಿದೆ.

ಬೆಳಕು ಹರಿಯುವ ಮುಂಚೆ ಹೆಲಿಕಾಪ್ಟರಿನ ಕೆಳಗೆ ಕೂತು, ಇಂಧನದ ಟ್ಯಾಂಕಿನ ತಳದ ಡ್ರೈನ್ ತೆರೆದು, ಸ್ವಲ್ಪ ಇಂಧನವನ್ನು ಗಾಜಿನ ಜಾಡಿಗೆ ಇಳಿಸಿಕೊಳ್ಳಬೇಕು. ಯಾಕೆ? ಅವರು ಹೋದ ನಾಡುಗಳ ಗಾಳಿಯ ತುಂಬ ತೇವ. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಂಪಾದಾಗ ಆ ತೇವ ಹನಿಗಟ್ಟಿ ಇಂಧನಕ್ಕೆ ಇಳಿಯುತ್ತದೆ. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು, ನೀರಿಗಿಂತ ಹಗುರ. ಹಾಗಾಗಿ ನೀರು ತಳಕ್ಕೆ ಹೋಗಿ ಕೂರುತ್ತದೆ. ಜಾಡಿಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಕೆಳಗೆ ಸಣ್ಣ ಗೋಲಿಯಂಥ ಹನಿಗಳು, ಇಲ್ಲವೇ ಒಂದು ಗೆರೆ ಕಾಣುತ್ತದೆ. ಅಷ್ಟು ನೀರು ಇಂಜಿನ್ನಿನವರೆಗೆ ಹೋದರೆ, ಕಾಡಿನ ಮೇಲೆ ಹಾರುತ್ತಿರುವಾಗ ಇಂಜಿನ್ ಕೈಕೊಡಬಹುದು. ನೀರು ಕಂಡರೆ ಮತ್ತೆ ಇಳಿಸಬೇಕು, ಮತ್ತೆ ನೋಡಬೇಕು. ಗೆರೆ ಕಾಣದಾಗುವವರೆಗೂ ನೋಡಬೇಕು. ಮೇಲಿಂದ ಮಳೆ ಸುರಿಯುತ್ತಿರಲಿ, ಮೇಲಧಿಕಾರಿ ಅವಸರ ಪಡಿಸುತ್ತಿರಲಿ, ರಾತ್ರಿ ಜ್ವರವೇ ಬಂದಿರಲಿ.

ಸಮುದ್ರದ ಪಕ್ಕದ ನೆಲೆಯಾದರೆ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಇಂಜಿನ್ನಿನ ಒಳಗನ್ನು ಸಿಹಿನೀರಿನಿಂದ ತೊಳೆಯಬೇಕು. ಎಲೆಕ್ಟ್ರಿಕಲ್ ಜೋಡಣೆಗಳಲ್ಲಿ ಹಸಿರು ಕಿಲುಬು ಕೂರುತ್ತದೆ, ಒಂದೊಂದನ್ನೂ ಬಿಚ್ಚಿ ಒರೆಸಬೇಕು. 2003ರಲ್ಲಿ ನಮ್ಮ ವಾಯುಪಡೆಯವರು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಮತ್ತೆ ಕಾಂಗೊಗೆ ಹೋದರು. ಅಲ್ಲಿನ ಗೋಮಾ ಊರಿನ ಮೇಲೆ ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ ನ್ಯಿರಗೊಂಗೊ ಜ್ವಾಲಾಮುಖಿಯ ಲಾವಾ ಹರಿದಿತ್ತು. ಅದು ವಿಮಾನ ನಿಲ್ದಾಣದ ರನ್‌ವೇಯ ಒಂದು ತುದಿಯನ್ನೇ ಮುಚ್ಚಿಹಾಕಿತ್ತು. ಅಂಥ ಊರಿನಲ್ಲಿ ಯಂತ್ರವನ್ನು ಹಾರುವ ಸ್ಥಿತಿಯಲ್ಲಿ ಇಡುವುದು ಎಂದರೆ ಧೂಳಿನ ಜೊತೆ ದಿನವೂ ಹೋರಾಟ.

ಇದೆಲ್ಲ ಮುಗಿದ ಮೇಲೆ ಆ ಏರ್‌ಮನ್ ‘ಫಾರ್ಮ್ 700’ ಎಂಬ ದಪ್ಪ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಇದನ್ನು ನಾನು ನೋಡಿದ್ದೇನೆ, ಸರಿಯಾಗಿದೆ ಎಂದು ಅದರ ಅರ್ಥ. ಪೈಲಟ್ ಆ ಪುಟ ನೋಡಿ, ತಾನೂ ಸಹಿ ಹಾಕಿ, ಹತ್ತಿ ಕೂರುತ್ತಾರೆ. ಟ್ಯಾಂಕಿನ ತಳದಲ್ಲಿ ಏನಿತ್ತು ಎಂಬುದನ್ನು ಅವರು ಕಂಡಿಲ್ಲ, ಕಂಡವನ ಮೇಲೆ ನಂಬಿಕೆ ಇಟ್ಟಿದ್ದಾರೆ. ಕೈಲಾಹುನ್‌ನಿಂದ ಹೊರಬಂದ ಸೈನಿಕ, ಜಾಫ್ನಾದಿಂದ ಆಸ್ಪತ್ರೆ ಸೇರಿದ ಗಾಯಾಳು, ಇವರ ಜೀವವೆಲ್ಲ ಆ ಸಹಿಯ ಮೇಲೆ ನಿಂತಿತ್ತು. ಹೆಲಿಕಾಪ್ಟರ್ ವಾಪಸು ಬರುವವರೆಗೂ ಸಹಿ ಹಾಕಿದವರು ನೆಲದಲ್ಲಿ ನಿಂತು ಸದ್ದಿಗೆ ಕಿವಿಗೊಟ್ಟಿರುತ್ತಿದ್ದರು.

ಪ್ರಿಯ ಕೇಳುಗರೆ, ಹಾರಿದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಅದು ಉಳಿಯಬೇಕಾದದ್ದೇ, ಅವರ ಧೈರ್ಯ ದೊಡ್ಡದು. ಆದರೆ ಹಾರುವಂತೆ ಮಾಡಿದವರ ಕೆಲಸ ಈ ಚಹಾ ಅಂಗಡಿಯ ಮಾತಿನಲ್ಲಿ ಮಾತ್ರ ಉಳಿದಿದೆ. ಎಲ್ಲವೂ ಸುಸೂತ್ರವಾಗಿ ನಡೆದ ದಿನ ಅಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಯಶಸ್ಸು ಎಂದರೆ ಏನೂ ಆಗದೇ ಇರುವುದು. ಏನೂ ಆಗದ್ದನ್ನು ಯಾವ ಪತ್ರಿಕೆ ತಾನೆ ಬರೆಯುತ್ತದೆ?

ನಮ್ಮ ದಿನವೂ ಇಂಥವರ ಮೇಲೇ ನಿಂತಿದೆ. ಬಸ್ಸಿನ ಬ್ರೇಕ್ ನೋಡಿದ ಡಿಪೋದ ಮೆಕ್ಯಾನಿಕ್, ರಾತ್ರಿ ಕಂಬ ಹತ್ತಿದ ಲೈನ್‌ಮನ್, ಔಷಧಿಯ ಹೆಸರನ್ನು ಎರಡು ಸಲ ಓದಿ ಕೊಟ್ಟ ನರ್ಸ್. ಇವರು ನೋಡದೆ ಸಹಿ ಹಾಕಿದರೆ ಏನಾದೀತು ಎಂದು ಯೋಚಿಸಿದರೆ ಸಾಕು, ನೋಡಿ ಹಾಕಿದ ಒಂದು ಸಹಿಗೆ ಎಷ್ಟು ಬೆಲೆ ಎಂಬುದು ತಿಳಿಯುತ್ತದೆ. ನಾವೂ ದಿನಕ್ಕೆ ಹತ್ತು ಕಡೆ ‘ಆಯ್ತು, ನೋಡಿದ್ದೇನೆ’ ಅನ್ನುತ್ತೇವೆ. ನಿಜವಾಗಿ ನೋಡಿದ್ದೇವೆಯೇ? ಯಾರೂ ಕೇಳದಿದ್ದಾಗಲೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡವರು ಆ ಹಿರಿಯರು.

ಅವರ ಮನೆಯವರನ್ನೂ ಇಲ್ಲಿ ನೆನೆಯಬೇಕು. ಗಂಡ ಆಫ್ರಿಕಾದಲ್ಲಿದ್ದಾಗ ಇಲ್ಲಿ ಮಕ್ಕಳ ಶಾಲೆ, ಅತ್ತೆ ಮಾವಂದಿರ ಔಷಧಿ, ನಲ್ಲಿ ನೀರಿನ ಸಾಲು, ಎಲ್ಲವನ್ನೂ ಒಬ್ಬಳೇ ನಿಭಾಯಿಸಿ, ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೀವಿ’ ಎಂದಷ್ಟೇ ಹೇಳಿದ ಹೆಣ್ಣುಮಕ್ಕಳು ಈ ಬೀದಿಗಳಲ್ಲೇ ಇದ್ದಾರೆ. ಅವರದ್ದೂ ಸೇವೆಯೇ.

ಕಾಂಗೊಗೆ ಮೊದಲು ಹೋದವರಿಗೆ ಈಗ ಎಂಬತ್ತು ದಾಟಿದೆ. ಶ್ರೀಲಂಕಾ ಕಂಡವರು ಮೊಮ್ಮಕ್ಕಳ ಕೈ ಹಿಡಿದಿದ್ದಾರೆ. ಆದ್ದರಿಂದ ನನ್ನದೊಂದು ಕೋರಿಕೆ. ಈ ಭಾನುವಾರ ನಿಮ್ಮ ಬೀದಿಯ ಏರ್‌ಫೋರ್ಸ್ ಅಂಕಲ್ ಬಳಿ ಮಕ್ಕಳನ್ನು ಕರೆದುಕೊಂಡು ಹೋಗಿ. ‘ಎಷ್ಟು ಜನರನ್ನ ಹೊಡೆದ್ರಿ?’ ಎಂದು ಕೇಳಬೇಡಿ. ‘ಸರ್, ಅಲ್ಲಿ ನಿಮ್ಮ ಕೆಲಸ ಏನಿತ್ತು? ಅದನ್ನ ಹೇಗೆ ಮಾಡ್ತಿದ್ರಿ?’ ಎಂದು ಕೇಳಿ. ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ, ಆಮೇಲೆ ಕೂತು ಕನ್ನಡದಲ್ಲಿ ಬರೆದಿಡಿ, ತಾರೀಖು ಹಾಕಿ, ಅವರಿಗೇ ಓದಿ ತೋರಿಸಿ. ನಮ್ಮ ಬಡಾವಣೆಯ ಚರಿತ್ರೆ ಎಂದು ನಾಳೆ ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯದು ನಮ್ಮ ಬಳಿ ಬೇರೇನೂ ಇಲ್ಲ.