ಹಾಸಿಗೆಯ ಪಕ್ಕದ ಪಾಠ



ಪ್ಲಸ್ ಟು ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳ ಜಗಲಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಮಗಳನ್ನು ನರ್ಸಿಂಗಿಗೆ ಸೇರಿಸಿದರೆ ಹೇಗೆ?" ತಲಪಾಡಿ ದಾಟಿದರೆ ಮಂಗಳೂರು. ಅಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಯಾವುದಕ್ಕೆ ಸೇರಿಸುವುದು ಎಂಬ ಪ್ರಶ್ನೆ ಬಂದಾಗ ನಾವು ಫೀಸು ಕೇಳುತ್ತೇವೆ, ಹಾಸ್ಟೆಲ್ ನೋಡುತ್ತೇವೆ, ಕಟ್ಟಡ ಎಷ್ಟು ಮಾಳಿಗೆಯದ್ದು ಎಂದು ಕತ್ತೆತ್ತಿ ಎಣಿಸುತ್ತೇವೆ. ಮಗಳು ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿ, ಯಾರ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಾಳೆ ಎಂದು ಮಾತ್ರ ಕೇಳುವುದಿಲ್ಲ. ಇವತ್ತು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಾನು ಡಾಕ್ಟರನಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಅದೂ ಕನ್ನಡ ಮಾಧ್ಯಮದಲ್ಲಿ. 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. 2001ರಲ್ಲಿ ಬ್ಯಾಂಕುಗಳಿಗೆ ಶಿಕ್ಷಣ ಸಾಲದ ಮಾದರಿ ಯೋಜನೆ ಬಂದ ಮೇಲೆ ನರ್ಸಿಂಗ್ ಸೇರುವ ಮಕ್ಕಳ ಅರ್ಜಿಗಳು ನನ್ನ ಮೇಜಿಗೂ ಬರತೊಡಗಿದವು. ಆ ಅರ್ಜಿಯಲ್ಲಿ ಬೋಧನಾ ಶುಲ್ಕಕ್ಕೆ ಜಾಗ ಇತ್ತು, ಪುಸ್ತಕಕ್ಕೆ, ಊಟಕ್ಕೆ ಎಲ್ಲದಕ್ಕೂ ಇತ್ತು. ಕಲಿಯುವ ಆಸ್ಪತ್ರೆಯಲ್ಲಿ ಹಾಸಿಗೆ ಎಷ್ಟು, ರೋಗಿಗಳು ಎಷ್ಟು ಎಂದು ಬರೆಯಲು ಜಾಗ ಇರಲಿಲ್ಲ. ನಾವೂ ಕೇಳಲಿಲ್ಲ.

ನನ್ನ ತಂಗಿಯ ಮಗಳ ವಿಷಯದಲ್ಲಿಯೂ ಕೇಳಲಿಲ್ಲ. ಅವಳು ಡಿಪ್ಲೊಮಾ ನರ್ಸಿಂಗಿಗೆ ಸೇರಿದ್ದು ದೂರದ ಊರಿನ ಒಂದು ಸಂಸ್ಥೆಗೆ. ಹೆಸರು ಬೇಡ. ಸಾಲದ ಕಾಗದ ತಯಾರು ಮಾಡಿಸಿದವನು ನಾನೇ, ಭಾವನ ಜೊತೆ ಹೋಗಿ ಕಟ್ಟಡ ನೋಡಿ "ಚೆನ್ನಾಗಿದೆ" ಎಂದವನೂ ನಾನೇ. ಆ ಸಂಸ್ಥೆಗೆ ಹೇಳಿಕೊಳ್ಳುವಂಥ ಆಸ್ಪತ್ರೆ ಇರಲಿಲ್ಲ. ವಾರಕ್ಕೆ ಕೆಲವು ದಿನ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ಬೇರೆ ಊರಿಗೆ ಕರೆದೊಯ್ಯುತ್ತಿದ್ದರಂತೆ. ಒಂದು ಮಂಚದ ಸುತ್ತ ಹದಿನೈದು ಇಪ್ಪತ್ತು ಹುಡುಗಿಯರು. ಮುಂದೆ ನಿಂತವರಿಗೆ ರೋಗಿ ಕಾಣುತ್ತಾನೆ, ಹಿಂದಿನವರಿಗೆ ಮುಂದಿನವರ ಜಡೆ ಕಾಣುತ್ತದೆ.

ಕೋರ್ಸು ಮುಗಿದು ಕೆಲಸ ಸಿಕ್ಕಿತು. ಮೊದಲ ವಾರದ ರಾತ್ರಿ ಡ್ಯೂಟಿಯಲ್ಲಿ ಒಬ್ಬ ವೃದ್ಧರಿಗೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಬೇಕಾಯಿತು. ಅದು ತಪ್ಪಿ ಶ್ವಾಸನಾಳಕ್ಕೆ ಹೋದರೆ, ಹೋಗಿದ್ದು ತಿಳಿಯದೆ ಗಂಜಿ ಬಿಟ್ಟರೆ, ಜೀವಕ್ಕೇ ಅಪಾಯ. ಇವಳ ಕೈ ನಡುಗಿತು. "ನನಗೆ ಬರುವುದಿಲ್ಲ" ಎಂದು ಹಿರಿಯ ಸಿಸ್ಟರಿಗೆ ಹೇಳಿಬಿಟ್ಟಳು. ಬೈಗುಳ ಸಿಕ್ಕಿತು. ಬೈದ ಮೇಲೆ ಆ ಸಿಸ್ಟರೇ ಪಕ್ಕದಲ್ಲಿ ನಿಂತು ಮಾಡಿ ತೋರಿಸಿದರು. ಮರುದಿನ ಹುಡುಗಿ ಫೋನಿನಲ್ಲಿ ಅತ್ತಳು. "ಮಾವ, ಹತ್ತು ಸಲ ಮಾಡಿದ್ದೇನೆ ಎಂದು ನನ್ನ ದಾಖಲೆ ಪುಸ್ತಕದಲ್ಲಿ ಸಹಿ ಇದೆ. ನಾನು ಮಾಡಿದ್ದು ಗೊಂಬೆಗೆ, ಎರಡೇ ಸಲ."

ಬ್ಯಾಂಕಿನಲ್ಲಿ ಇದಕ್ಕೆ ಸುಳ್ಳು ನಮೂದು ಎನ್ನುತ್ತೇವೆ. ಲೆಡ್ಜರಿನಲ್ಲಿ ಹಣ ಇದೆ, ಪೆಟ್ಟಿಗೆಯಲ್ಲಿ ಇಲ್ಲ. ಅಂಥ ಗುಮಾಸ್ತನ ಕೆಲಸ ಹೋಗುತ್ತದೆ. ಇಲ್ಲಿ ಯಾರ ಕೆಲಸವೂ ಹೋಗಲಿಲ್ಲ.

ಗೊಂಬೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೊದಲು ಗೊಂಬೆಯ ಮೇಲೆ ಕಲಿಯಬೇಕು. ಆಮೇಲೆ ಕಲಿಸುವವರ ಕಣ್ಣೆದುರು ರೋಗಿಗೆ ಮಾಡಬೇಕು. ಅದೇ ಕ್ರಮ. ಗೊಂಬೆಗೆ ಕೆಮ್ಮು ಬರುವುದಿಲ್ಲ, ಅದು ಹೆದರಿ ನಿಮ್ಮ ಕೈ ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಸರಿಯಾಗಿ ಕಲಿಸಿದರೆ ಹೇಗಿರುತ್ತದೆ ಎಂಬುದನ್ನು ನಾನು ಮಲಗಿಕೊಂಡೇ ನೋಡಿದೆ. ನಿವೃತ್ತಿಯಾದ ಮೇಲೆ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮಂಗಳೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಆರು ದಿನ ಇದ್ದೆ. ಬೆಳಿಗ್ಗೆ ರಾತ್ರಿ ಪಾಳಿಯವರು ವರದಿ ಒಪ್ಪಿಸುವ ಹೊತ್ತಿಗೆ ವಿದ್ಯಾರ್ಥಿನಿಯರು ಬಂದು ನಿಂತಿರುತ್ತಿದ್ದರು. ಹಾಸಿಗೆ ಸರಿಪಡಿಸುವುದು, ಜ್ವರ, ನಾಡಿ, ಉಸಿರು ನೋಡಿ ಬರೆಯುವುದು, ಏಳಲಾಗದವರಿಗೆ ಮಲಗಿದಲ್ಲೇ ಮೈ ಒರೆಸುವುದು. ನನ್ನ ಪಾಲಿಗೆ ಬಂದ ಹುಡುಗಿ ಮದ್ದು ಕೊಡುವ ಮೊದಲು ಪ್ರತಿ ಸಲವೂ ಹೆಸರು ಕೇಳುತ್ತಿದ್ದಳು, ಕೈಪಟ್ಟಿ ನೋಡುತ್ತಿದ್ದಳು. ನಾಲ್ಕನೆಯ ದಿನ ನನಗೆ ಸಿಟ್ಟು ಬಂತು. "ನನ್ನ ಹೆಸರು ಇನ್ನೂ ಬಾಯಿಗೆ ಬರಲಿಲ್ಲವೇ ಮಗಾ?" ಎಂದೆ. "ಬರುತ್ತದೆ ಅಜ್ಜ. ಆದರೂ ಕೇಳಲೇಬೇಕು" ಎಂದಳು. ಹಿಂದೆ ಅವಳ ಟೀಚರ್ ನಿಂತಿದ್ದರು. ಸಂಜೆ ನೋಡುತ್ತೇನೆ, ಎದುರು ಸಾಲಿನ ಮಂಚಕ್ಕೆ ಬಂದ ಹೊಸ ರೋಗಿಯ ಹೆಸರೂ ನನ್ನದೇ! ಇನಿಶಿಯಲ್ ಮಾತ್ರ ಬೇರೆ. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು — ಈ ಐದನ್ನು ನೋಡದೆ ಕೊಡಬಾರದು ಎಂದು ಅವರಿಗೆ ಪಾಠವಂತೆ. ಮದ್ದಿನ ಚೀಟಿಯನ್ನು ಮೂರು ಸಲ ಓದಬೇಕಂತೆ. ನೋಟಿನ ಕಟ್ಟನ್ನು ಎರಡು ಸಲ ಎಣಿಸಿ ಜೀವನ ಕಳೆದ ನನಗೆ ನಾಚಿಕೆಯಾಯಿತು.

ಅದೇ ವಾರ್ಡಿನಲ್ಲಿ ಇನ್ನೊಂದು ಸಂಗತಿ. ಉತ್ತರದ ಕಡೆಯ ಒಬ್ಬ ಎಳೆಯ ಡಾಕ್ಟರ್. ನಮ್ಮ ಕಡೆಯ ಒಬ್ಬ ಮಲಯಾಳ ಮಾತಾಡುವ ಹಿರಿಯರು "ಪನಿ, ಪನಿ" ಎನ್ನುತ್ತಿದ್ದರು. ಡಾಕ್ಟರು ಪಾಪ, ಒಂದು ಲೋಟ ನೀರು ತರಿಸಿಕೊಟ್ಟರು! ಹಿಂದಿಯವರಿಗೆ ಅದು ನೀರು, ಮಲಯಾಳದಲ್ಲಿ ಜ್ವರ. ಬಿಡಿಸಿ ಹೇಳಿದವಳು ಹೊಸಂಗಡಿ ಕಡೆಯ ಒಬ್ಬ ವಿದ್ಯಾರ್ಥಿನಿ. ತುಳುವಿನವರು "ಬಂಜಿ ಬೇನೆ" ಎಂದರೆ ಹೊಟ್ಟೆನೋವು ಎಂದೂ ಅವಳಿಗೆ ಗೊತ್ತು. ಗಡಿಯಲ್ಲಿ ಹುಟ್ಟಿದ್ದಕ್ಕೆ ಯಾವ ಕಚೇರಿಯಲ್ಲೂ ನಮಗೆ ಅಂಕ ಕೊಡುವುದಿಲ್ಲ, ವಾರ್ಡಿನಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಈಗ ತಂದೆತಾಯಿಯರು ಕೇಳಿಸಿಕೊಳ್ಳಬೇಕಾದದ್ದು. ಭಾರತೀಯ ನರ್ಸಿಂಗ್ ಪರಿಷತ್ತು ಎಂಬ ಸಂಸ್ಥೆ ಇದೆ, 1947ರ ಕಾನೂನಿನಂತೆ ಆದದ್ದು. ಬಿ.ಎಸ್ಸಿ. ನರ್ಸಿಂಗ್ ಕಾಲೇಜಿಗೆ ಕಡಿಮೆಯೆಂದರೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು, ಹಾಸಿಗೆಗಳಲ್ಲಿ ನೂರಕ್ಕೆ 75ರಷ್ಟು ತುಂಬಿರಬೇಕು ಎಂದು ಅದರ ನಿಯಮ. ಬೇರೆ ಆಸ್ಪತ್ರೆಯ ಜೊತೆ ಒಪ್ಪಂದ ಇದ್ದರೆ ಅದು 15ರಿಂದ 30 ಕಿಲೋಮೀಟರ್ ಒಳಗಿರಬೇಕು. ಹಾಗಾಗಿ ಸೀಟು ಗೊತ್ತು ಮಾಡುವ ಮೊದಲು ಒಂದು ಬೆಳಿಗ್ಗೆ ಎಂಟು ಗಂಟೆಗೆ ಆ ಆಸ್ಪತ್ರೆಗೆ ಹೋಗಿ ಹೊರರೋಗಿಗಳ ಸಾಲು ನೋಡಿ. ಆಫೀಸಿನಲ್ಲಿ ಕುಳಿತು ಚಹಾ ಕುಡಿದರೆ ಏನೂ ಗೊತ್ತಾಗುವುದಿಲ್ಲ. ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಕರೆದು ಕೇಳಿ: "ನೀನು ಎಷ್ಟು ಹೆರಿಗೆ ನೋಡಿದ್ದೀ? ಮಕ್ಕಳ ವಾರ್ಡಿನಲ್ಲಿ ಎಷ್ಟು ವಾರ ಇದ್ದೆ? ಟೀಚರು ವಾರ್ಡಿಗೆ ಬರುತ್ತಾರೋ?" 2021ರ ಹೊಸ ಪಠ್ಯಕ್ರಮದಂತೆ ಬಿ.ಎಸ್ಸಿ.ಯ ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ. ಅದು ಎಲ್ಲಿ ನಡೆಯುತ್ತದೆ ಎಂದೂ ಕೇಳಿ. ಸೂಜಿ ಚುಚ್ಚಿಕೊಳ್ಳುವ ಕೆಲಸವಾದ್ದರಿಂದ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯೇ ನೋಡಿಕೊಳ್ಳಿ. ಕರ್ನಾಟಕದಲ್ಲಿ ಕಲಿತು ಅಲ್ಲಿಯ ಪರಿಷತ್ತಿನಲ್ಲಿ ನೋಂದಣಿಯಾದವರು ಕೇರಳದಲ್ಲಿ ಕೆಲಸ ಮಾಡಬೇಕಾದರೆ ಕೇರಳದ ಪರಿಷತ್ತಿನಲ್ಲಿಯೂ ನೋಂದಣಿ ಮಾಡಿಸಬೇಕು, ಇದು ನಮ್ಮವರಿಗೆ ಕೆಲಸದ ಅರ್ಜಿ ಹಾಕುವಾಗಲೇ ನೆನಪಾಗುವುದು.

ಇನ್ನೊಂದು ಮಾತು ರೋಗಿಗಳಾಗಿ ಹೋಗುವವರಿಗೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಹಾಸಿಗೆ ನಮಗೆ ಎಷ್ಟು ಬೇಕು ಎಂದು ಈ ಕಡೆಯ ಪ್ರತಿಯೊಂದು ಮನೆಗೂ ಗೊತ್ತಾಯಿತು. ಆ ಹಾಸಿಗೆಗಳ ಪಕ್ಕದಲ್ಲೇ ಈ ಮಕ್ಕಳು ಕಲಿಯುತ್ತಾರೆ. ಕಲಿಯುವ ಹುಡುಗಿ ರಕ್ತದೊತ್ತಡ ನೋಡಲು ಬಂದರೆ "ದೊಡ್ಡ ಸಿಸ್ಟರನ್ನು ಕರಿ" ಎಂದು ಗದರುತ್ತೇವೆ. ಬೇಡ ಎನ್ನುವ ಹಕ್ಕು ನಿಮಗೆ ಇದೆ. ಸೂಜಿಯ ಕೆಲಸವಾದರೆ "ನಿಮ್ಮ ಟೀಚರು ಪಕ್ಕದಲ್ಲಿ ಇರಲಿ" ಎಂದು ಧಾರಾಳವಾಗಿ ಹೇಳಿ. ಗದರುವುದು ಬೇಡ. ನಾವೆಲ್ಲ ಕೈ ಹಿಂದೆ ತೆಗೆದುಕೊಂಡರೆ ಅವರಿಗೆ ಉಳಿಯುವುದು ಗೊಂಬೆ ಮಾತ್ರ.

ನನ್ನ ತಂಗಿಯ ಮಗಳು ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ಒಂದೂವರೆ ವರ್ಷ ಇದ್ದು ಕೆಲಸ ಕಲಿತಳು. ಸಾಲದ ಕಂತು ಆಗಲೇ ಶುರುವಾಗಿತ್ತು, ಅದರಲ್ಲಿ ಕೆಲವನ್ನು ನಾನು ಕಟ್ಟಿದೆ. ಕಟ್ಟಬೇಕಾದ್ದೇ. ಈಗ ಅವಳ ವಾರ್ಡಿಗೂ ವಿದ್ಯಾರ್ಥಿನಿಯರು ಬರುತ್ತಾರೆ, ದಾಖಲೆ ಪುಸ್ತಕಕ್ಕೆ ಸಹಿ ಕೇಳುತ್ತಾರೆ. ಕಳೆದ ವಿಷುವಿಗೆ ಬಂದಾಗ ಹೇಳಿದಳು, "ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ ಮಾವ. ನಾನು ನೋಡದ್ದಕ್ಕೆ ಸಹಿ ಹಾಕುವುದಿಲ್ಲ."